ನಾಲ್ಕರಲ್ಲಿ ಒಂದು ಮೀಸಲು

ಮಕ್ಕಳಿಗೆ ಕಂಪ್ಯೂಟರನ್ನೋ ಮೊಬೈಲನ್ನೋ ಕೊಡಿಸಲು ಹೊರಟ ತಂದೆ-ತಾಯಿಯರು ಅಂಗಡಿಯವನನ್ನು ತಪ್ಪದೆ ಕೇಳುವ ಪ್ರಶ್ನೆಗಳಲ್ಲಿ ‘ಇದರಲ್ಲಿ ಎಷ್ಟು ಕೋರ್ ಇದೆ?’ ಎಂಬುದೂ ಈಗ ಸೇರಿಕೊಂಡಿದೆ. ಕೋರ್ ಎಂದರೇನೆಂದು ಕೇಳಿದವರಿಗೂ ಗೊತ್ತಿರುವುದಿಲ್ಲ, ಉತ್ತರ ಹೇಳುವವನಿಗೂ ಅಷ್ಟಕ್ಕಷ್ಟೆ. ‘ಎಂಟು’ ಎಂದರೆ ಸಮಾಧಾನ. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೆ! ಹೀಗೆ ದುಡ್ಡು ಕೊಟ್ಟು ತಂದ ಕೋರ್‌ಗಳಲ್ಲಿ ಒಂದಕ್ಕೆ ಬೇಲಿ ಹಾಕಿ, ಬೇರೆ ಯಾವ ಕೆಲಸವೂ ಅದರತ್ತ ಸುಳಿಯದಂತೆ ಮಾಡಿ, ಒಂದೇ ಒಂದು ಕೆಲಸಕ್ಕೆ ಮೀಸಲಿಟ್ಟು, ಆ ಕೆಲಸ ಇಲ್ಲದಾಗ ಅದನ್ನು ಖಾಲಿಯೇ ಕೂರಿಸುವವರೂ ಲೋಕದಲ್ಲಿದ್ದಾರೆ ಎಂದರೆ ಅವರಿಗೆ ವಿಚಿತ್ರ ಎನಿಸೀತು. ಈ ಸಲದ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ನಮ್ಮ ಹಳ್ಳಿ ಶಾಲೆಯಲ್ಲಿ ನಾವು ಮಾಡಿದ್ದೂ ಅದನ್ನೇ.

ಕೋರ್ ಎಂದರೆ ಲೆಕ್ಕ ಮಾಡುವ ಒಬ್ಬ ಆಳು ಎಂದಿಟ್ಟುಕೊಳ್ಳಿ. ಮೊದಲೆಲ್ಲ ಒಂದು ಪ್ರೊಸೆಸರಿನಲ್ಲಿ ಒಬ್ಬನೇ ಆಳು. ಕಂಪನಿಗಳು ವರ್ಷವರ್ಷವೂ ಅವನ ವೇಗವನ್ನೇ ಹೆಚ್ಚಿಸುತ್ತ ಹೋದವು. ವೇಗ ಹೆಚ್ಚಿದಷ್ಟೂ ಚಿಪ್ಪು ಕಾಯತೊಡಗಿತು. ಕೊನೆಗೆ ಒಬ್ಬನನ್ನೇ ಓಡಿಸಿ ಸುಸ್ತು ಮಾಡುವ ಬದಲು ಇಬ್ಬರನ್ನು ಇಟ್ಟುಕೊಳ್ಳುವುದೇ ಲೇಸೆಂದು ಕಂಡಿತು. ಐಬಿಎಂ ಕಂಪನಿ 2001ರಲ್ಲಿ ‘ಪವರ್4’ ಎಂಬ ಚಿಪ್ಪಿನಲ್ಲಿ ಎರಡು ಕೋರ್ ಇಟ್ಟಿತು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಚಿಪ್ಪುಗಳ ಮೂಲಕ ಎರಡು ಕೋರ್‌ಗಳು ಮನೆಯ ಕಂಪ್ಯೂಟರಿಗೂ ಬಂದವು. ಈಗ ಜೇಬಿನ ಫೋನಿನಲ್ಲೇ ಎಂಟು.

ಆಳುಗಳು ಎಷ್ಟೇ ಇದ್ದರೂ ಕೆಲಸಗಳು ಅದಕ್ಕಿಂತ ಹೆಚ್ಚು. ನೀವು ಕೀಲಿಮಣೆ ಮುಟ್ಟದೆ ಸುಮ್ಮನೆ ಕೂತಿದ್ದರೂ ಕಂಪ್ಯೂಟರಿನೊಳಗೆ ನೂರಕ್ಕೂ ಹೆಚ್ಚು ಕೆಲಸಗಳು ಹೆಸರು ಬರೆಸಿಕೊಂಡು ಕಾದಿರುತ್ತವೆ. ಗಡಿಯಾರ ತಿದ್ದುವುದು, ವೈಫೈ ನೋಡಿಕೊಳ್ಳುವುದು, ಹೊಸ ತಂತ್ರಾಂಶ ಬಂದಿದೆಯೇ ಎಂದು ವಿಚಾರಿಸುವುದು, ಹೀಗೆ. ಇವಕ್ಕೆಲ್ಲ ಆಳುಗಳನ್ನು ಹಂಚಿಕೊಡುವ ಯಜಮಾನಿಕೆ ಆಪರೇಟಿಂಗ್ ಸಿಸ್ಟಮಿನದು.

ಸೂಳೆಕೆರೆಯ ಕೆಳಗಿನ ಮಕ್ಕಳಿಗೆ ಈ ಹಂಚಿಕೆಯನ್ನು ವಿವರಿಸಲು ಮೇಷ್ಟ್ರು ಕಷ್ಟಪಡಬೇಕಿಲ್ಲ. ಕೆರೆಯನ್ನು ನೋಡದವರಿಗಾಗಿ ಹೇಳುತ್ತೇನೆ: ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ನೀರು ಇದು. ಶಾಂತವ್ವೆ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಐತಿಹ್ಯ. ಶಾಂತಿಸಾಗರ ಎಂದೂ ಕರೆಯುತ್ತಾರೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂಬುದು ನಮ್ಮೂರಿನವರ ಹೆಮ್ಮೆ, ಅದನ್ನು ಅಲ್ಲಗಳೆದರೆ ಜಗಳಕ್ಕೇ ಬರುತ್ತಾರೆ. ಸಿದ್ಧ ನಾಲೆ, ಬಸವ ನಾಲೆ ಎಂದು ಎರಡು ನಾಲೆಗಳು. ಕೆಳಗೆ ಭತ್ತದ ಗದ್ದೆ, ಅಡಿಕೆ ತೋಟ. ನೀರು ಬಿಡುವಾತನನ್ನು ಹಳಬರು ನೀರಗಂಟಿ ಎನ್ನುತ್ತಿದ್ದರು, ಈಗ ಸೌಡಿ ಎನ್ನುತ್ತಾರೆ. ಒಬ್ಬರ ಗದ್ದೆಗೆ ಇಷ್ಟು ಹೊತ್ತು ಬಿಟ್ಟು, ಮಡೆ ಕಟ್ಟಿ, ಮುಂದಿನವರಿಗೆ ತಿರುಗಿಸುವುದು ಆತನ ಕೆಲಸ. ಕಂಪ್ಯೂಟರಿನ ಸೌಡಿಯೂ ಇದನ್ನೇ ಮಾಡುತ್ತಾನೆ. ಆದರೆ ಅವನ ಸರದಿಗಳು ಕೆಲವೇ ಮಿಲಿಸೆಕೆಂಡುಗಳವು, ಅಂದರೆ ಸೆಕೆಂಡಿನ ಸಾವಿರದ ಕೆಲವು ಪಾಲು. ಅಷ್ಟು ಬೇಗ ಬದಲಾಗುವುದರಿಂದ ಎಲ್ಲವೂ ಒಟ್ಟಿಗೆ ನಡೆಯುತ್ತಿವೆ ಎಂದು ನಮ್ಮ ಕಣ್ಣಿಗೆ ಕಾಣುತ್ತದೆ. ಇದು ಒಳ್ಳೆಯ ಪದ್ಧತಿಯೇ. ಒಬ್ಬರಿಗೂ ಪೂರ್ತಿ ಇಲ್ಲ, ಯಾರಿಗೂ ಇಲ್ಲವೆನ್ನುವುದೂ ಇಲ್ಲ. ನೂರಕ್ಕೆ ತೊಂಬತ್ತೊಂಬತ್ತು ಕೆಲಸಗಳಿಗೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಬೇಕಿಲ್ಲ. ಉಳಿದ ಒಂದು ಕೆಲಸದ ಮಾತು ಈಗ.

ನಮ್ಮ ಹತ್ತನೆಯ ತರಗತಿಯ ಒಬ್ಬ ಹುಡುಗಿ ಗುರುತ್ವ ವೇಗೋತ್ಕರ್ಷವನ್ನು ಅಳೆಯುತ್ತೇನೆಂದು ಹೊರಟಳು. ಪಠ್ಯಪುಸ್ತಕದಲ್ಲಿ 9.8 ಎಂದು ಕೊಟ್ಟಿರುತ್ತಾರಲ್ಲ, ಅದನ್ನು ಬಾಯಿಪಾಠ ಮಾಡುವ ಬದಲು ಅಳೆದು ತೋರಿಸಬೇಕೆಂದು ಅವಳ ಹಟ. ಸೈಕಲ್ಲಿನ ದೊಡ್ಡ ಉಕ್ಕಿನ ಗುಂಡೊಂದನ್ನು ಮೇಲಿನಿಂದ ಬಿಡುವುದು. ಬಿಟ್ಟ ಜಾಗದಲ್ಲೊಂದು ಬೆಳಕಿನ ಎಳೆ, ಒಂದು ಮೀಟರ್ ಕೆಳಗೆ ಇನ್ನೊಂದು. ಗುಂಡು ಎಳೆಯನ್ನು ಕಡಿದಾಗ ಕಂಪ್ಯೂಟರ್ ಹೊತ್ತು ಬರೆದುಕೊಳ್ಳುತ್ತದೆ. ಒಂದು ಮೀಟರ್ ಬೀಳಲು ಬೇಕಾಗುವ ಕಾಲ 0.45 ಸೆಕೆಂಡು. ಕಂಪ್ಯೂಟರ್ ಎಂದೆನಲ್ಲ, ಅದು ಅಂಗೈಯಗಲದ ರಾಸ್ಪ್‌ಬೆರಿ ಪೈ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ತಂದುಕೊಟ್ಟದ್ದು. ನಾಲ್ಕು ಕೋರ್‌ಗಳು, ಮೇಲೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂ.

ಶಾಲೆಯಲ್ಲಿ ಒಂಟಿಯಾಗಿ ಅಳೆದಾಗ ಉತ್ತರ ಚೆನ್ನಾಗಿಯೇ ಬರುತ್ತಿತ್ತು. ವಸ್ತುಪ್ರದರ್ಶನವೆಂದ ಮೇಲೆ ನೋಡುವವರಿಗೆ ಸೊಗಸಾಗಿರಲಿ ಎಂದು ಅದೇ ಪೆಟ್ಟಿಗೆಯಲ್ಲಿ ಒಂದು ಕಡೆ ವಿಡಿಯೊ, ಒಂದು ಕಡೆ ಏರಿಳಿಯುವ ನಕ್ಷೆ, ಮೇಲೆ ನಾಲ್ಕಾರು ಬ್ರೌಸರ್ ಪುಟಗಳನ್ನೂ ತೆರೆದಳು. ಅಲ್ಲಿಂದ ಶುರುವಾಯಿತು ನೋಡಿ. ಒಮ್ಮೆ 9.5, ಒಮ್ಮೆ 10.1, ಮತ್ತೊಮ್ಮೆ 9.8. ಗುಂಡು ಅದೇ, ದಾರ ಹಿಡಿದ ಕೈ ಅದೇ, ಭೂಮಿಯೂ ಅದೇ. ವಿಡಿಯೊ ನಿಲ್ಲಿಸಿದರೆ ಉತ್ತರ ಮತ್ತೆ ಸರಿ.

ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. 0.45 ಸೆಕೆಂಡಿನಲ್ಲಿ ಬರೀ 5 ಮಿಲಿಸೆಕೆಂಡು ಹೆಚ್ಚುಕಡಿಮೆಯಾದರೆ ಕಾಲದಲ್ಲಿ ಶೇಕಡ ಒಂದಕ್ಕಿಂತ ಸ್ವಲ್ಪ ಹೆಚ್ಚು ತಪ್ಪು. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಉತ್ತರದಲ್ಲಿ ಅದರ ಎರಡರಷ್ಟು, ಅಂದರೆ ಶೇಕಡ ಎರಡಕ್ಕೂ ಮೇಲೆ. 9.8 ಎಂಬುದು 9.6 ಆಗಲು, 10 ಆಗಲು ಅಷ್ಟು ಸಾಕು. ಆ 5 ಮಿಲಿಸೆಕೆಂಡು ಹೋದದ್ದೆಲ್ಲಿಗೆ? ಗುಂಡು ಎಳೆಯನ್ನು ಕಡಿದ ಗಳಿಗೆಯಲ್ಲಿ ಸೌಡಿ ನೀರನ್ನು ವಿಡಿಯೊದ ಗದ್ದೆಗೆ ತಿರುಗಿಸಿದ್ದ. ನಮ್ಮ ಪ್ರೋಗ್ರಾಮು ತನ್ನ ಸರದಿ ಬರುವವರೆಗೆ ಬದುವಿನ ಮೇಲೆ ಕೂತಿತ್ತು. ಸರದಿ ಬಂದ ಮೇಲೆ ‘ಈಗ ಗುಂಡು ಹೋಯಿತು’ ಎಂದು ಬರೆದುಕೊಂಡಿತು. ಅದು ಸುಳ್ಳು ಹೇಳಲಿಲ್ಲ, ತಡವಾಗಿ ಹೇಳಿತು.

ಬೆಂಗಳೂರಿನ ಹುಡುಗನಿಗೆ ಫೋನ್ ಮಾಡಿದೆ. ಅವನು ಮೊಬೈಲ್ ಗೋಪುರಗಳಿಗೆ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದಾನೆ. ಕೇಳಿ ನಕ್ಕ. ‘ಸಾರ್, ನಮಗೆ ದಿನಾ ಇದೇ ರಾಮಾಯಣ. ನಿಮ್ಮ ಪ್ರೋಗ್ರಾಮನ್ನ ಒಂದು ಕೋರ್‌ಗೆ ಕಟ್ಟಿಹಾಕಿದ್ರೆ ಸಾಲದು, ಆ ಕೋರನ್ನೇ ಮೀಸಲಿಡಿ’ ಎಂದ.

ಕಟ್ಟಿಹಾಕುವುದು ಬೇರೆ, ಮೀಸಲಿಡುವುದು ಬೇರೆ. ಓದಿಕೊಂಡವರೂ ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ನಿಧಾನಿಸಿ ಹೇಳುತ್ತೇನೆ. ಲಿನಕ್ಸ್‌ನಲ್ಲಿ ‘ಟಾಸ್ಕ್‌ಸೆಟ್’ ಎಂಬ ಆಜ್ಞೆಯಿದೆ. ಈ ಪ್ರೋಗ್ರಾಮು ಇಂಥ ಕೋರಿನಲ್ಲೇ ಓಡಬೇಕು ಎಂದು ಅದು ಗೊತ್ತುಮಾಡುತ್ತದೆ. ವಿಂಡೋಸ್‌ನಲ್ಲಿಯೂ ಟಾಸ್ಕ್ ಮ್ಯಾನೇಜರ್ ತೆರೆದು ‘ಅಫಿನಿಟಿ’ ಎಂಬಲ್ಲಿ ಹೀಗೆ ಗುರುತು ಹಾಕಬಹುದು. ಆದರೆ ಇದು ಬಸ್ಸಿನಲ್ಲಿ ‘ನಾನು ಕಿಟಕಿ ಪಕ್ಕದ ಆ ಸೀಟಿನಲ್ಲೇ ಕೂರುವವನು’ ಎಂದು ನೀವೇ ಮಾಡಿಕೊಂಡ ವ್ರತದ ಹಾಗೆ. ಬೇರೆಯವರು ಬಂದು ಅಲ್ಲಿ ಕೂರಬಾರದೆಂದೇನೂ ಇಲ್ಲ. ಅವರು ಕೂತರೆ ನಿಮಗೆ ಬೇರೆ ಸೀಟೂ ಇಲ್ಲ, ಮೊದಲಿಗಿಂತ ಕಷ್ಟ. ಮೀಸಲಿಡುವುದೆಂದರೆ ಸೀಟಿಗೆ ಟವೆಲ್ ಹಾಕುವುದು. ಲಿನಕ್ಸ್‌ನಲ್ಲಿ ಆ ಟವೆಲ್ಲಿನ ಹೆಸರು ‘ಐಸೊಲ್‌ಸಿಪಿಯುಸ್’. ಯಂತ್ರ ಎಚ್ಚರವಾಗುವಾಗಲೇ ಓದಿಕೊಳ್ಳುವ ಒಂದು ಸಾಲಿನ ಕಡತವಿದೆ. ಅದರಲ್ಲಿ ಈ ಪದವನ್ನೂ ಕೋರಿನ ಸಂಖ್ಯೆಯನ್ನೂ ಬರೆದರೆ, ಸೌಡಿ ತನ್ನ ಹಂಚಿಕೆಯ ಪಟ್ಟಿಯಿಂದ ಆ ಕೋರನ್ನು ಬಿಟ್ಟೇಬಿಡುತ್ತಾನೆ. ಯಾರಾದರೂ ಟಾಸ್ಕ್‌ಸೆಟ್ ಹಾಕಿ ಹೆಸರು ಹಿಡಿದು ಕಳಿಸಿದರೆ ಮಾತ್ರ ಅಲ್ಲಿಗೆ ಪ್ರವೇಶ. ಎರಡೂ ಬೇಕು: ಮೊದಲು ಬೇಲಿ, ಆಮೇಲೆ ಬೇಲಿಯೊಳಕ್ಕೆ ನಮ್ಮವರು.

ಕಂಪ್ಯೂಟರಿನವರು ಸೊನ್ನೆಯಿಂದ ಎಣಿಸುತ್ತಾರೆ, ಹಾಗಾಗಿ ನಾಲ್ಕನೆಯ ಕೋರಿನ ಸಂಖ್ಯೆ 3. ಅದನ್ನು ಮೀಸಲಿಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು. ಕೋರ್‌ಗಳ ದುಡಿಮೆಯನ್ನು ಪಟ್ಟಿಗಳಲ್ಲಿ ತೋರಿಸುವ ‘ಎಚ್‌ಟಾಪ್’ ಎಂಬ ತಂತ್ರಾಂಶವಿದೆ. ವಿಡಿಯೊ, ನಕ್ಷೆ ಎಲ್ಲ ತೆರೆದಾಗ ಮೂರು ಪಟ್ಟಿಗಳು ಉದ್ದುದ್ದ ಬೆಳೆದವು, ನಾಲ್ಕನೆಯದು ಖಾಲಿ. ಮಕ್ಕಳು ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಏನೂ ಮಾಡದೆ ಕೂತವನಿಗೆ ನಮ್ಮ ಶಾಲೆಯಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ನಮ್ಮ ಪ್ರೋಗ್ರಾಮನ್ನು ಅಲ್ಲಿಗೆ ಕಳಿಸಿ ಗುಂಡು ಬಿಟ್ಟೆವು. 9.7, 9.8, 9.8, 9.7. ಉಳಿದ ಅಲ್ಪಸ್ವಲ್ಪ ವ್ಯತ್ಯಾಸ ಗುಂಡು ಬೆಳಕಿನ ಎಳೆಯ ನಟ್ಟನಡುವೆ ಬೀಳದ್ದರಿಂದ ಬಂದದ್ದು. ಅದಕ್ಕೆ ಕಂಪ್ಯೂಟರ್ ಹೊಣೆಯಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೋರನ್ನು ಮೀಸಲಿಟ್ಟಿದ್ದರಿಂದ ನಮ್ಮ ಪ್ರೋಗ್ರಾಮಿನ ವೇಗ ಹೆಚ್ಚಲಿಲ್ಲ. ಆ ಆಳಿನ ಕೈಚಳಕ ಮೊದಲಿದ್ದಷ್ಟೇ. ಹೆಚ್ಚಿದ್ದು ಹೊತ್ತಿಗೆ ಸರಿಯಾಗಿ ಒದಗುವ ಗುಣ. ವೇಗ ಬೇಕೆಂದು ಕೋರ್ ಮೀಸಲಿಡುವವರು ನಿರಾಶರಾಗುತ್ತಾರೆ. ಇನ್ನೊಂದು ಮಾತೂ ಉಂಟು. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಆರ್ಡುಯಿನೊ ಮಾದರಿಯ ಬಿಲ್ಲೆ ಇದ್ದಿದ್ದರೆ ಈ ಪಾಡೇ ಇರಲಿಲ್ಲ, ಏಕೆಂದರೆ ಅದರಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ. ಇಡೀ ಯಂತ್ರ ಒಂದೇ ಕೆಲಸಕ್ಕೆ ಮುಡಿಪು. ಆದರೆ ಆಗ ವಿಡಿಯೊವೂ ಇಲ್ಲ, ಈ ಪಾಠವೂ ಇಲ್ಲ.

ವಸ್ತುಪ್ರದರ್ಶನದ ದಿನ ಹುಡುಗಿಯ ತಂದೆ ಬಂದಿದ್ದರು. ನಾಲೆಯ ಕೊನೆಭಾಗದಲ್ಲಿ ಎರಡೆಕರೆ ಗದ್ದೆಯಿರುವ ರೈತರು. ಮಗಳು ಮೂರು ತುಂಬಿದ ಪಟ್ಟಿಗಳನ್ನೂ ಒಂದು ಖಾಲಿ ಪಟ್ಟಿಯನ್ನೂ ತೋರಿಸಿ ವಿವರಿಸಿದ್ದನ್ನು ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿ ಕೇಳಿದರು:

‘ಅಲ್ಲ ಮೇಷ್ಟ್ರೇ, ಮೂರು ಜನ ಬೆವರು ಸುರಿಸ್ತಾ ಇರ್ವಾಗ ನಾಲ್ಕನೇನ ಸುಮ್ನೆ ಕೂರ್ಸದು ದಂಡ ಅಲ್ವಾ? ನಮ್ ಗದ್ದೆ ಒಣಗ್ತಾ ಇರ್ತೈತೆ, ಕೆರೇಲಿ ಮಾತ್ರ ನೀರು ನಿಂತಿರ್ತೈತೆ. ಕೇಳಿದ್ರೆ ಕುಡಿಯೋ ನೀರಿಗೆ ಮೀಸಲು ಅಂತಾರೆ. ಅದೇ ಕತೆ ಆತಲ್ಲ ಇದೂ.’

ಚಿತ್ರದುರ್ಗದ ನಗರಕ್ಕೆ ನಮ್ಮ ಕೆರೆಯಿಂದ ಕುಡಿಯುವ ನೀರು ಹೋಗುತ್ತದೆ. 2023ರಂಥ ವರ್ಷದಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿದಾಗ, ಕೆರೆಯ ನೀರು ಮೊದಲು ಕುಡಿಯಲು, ಆಮೇಲೆ ಬೆಳೆಗೆ ಎಂಬುದನ್ನು ಯಾರೂ ತಪ್ಪೆನ್ನಲಾರರು. ಆದರೆ ಆ ಮೀಸಲಿನ ಬೆಲೆ ಕೊಡುವವರು ಯಾರು? ನಾಲೆಯ ತಲೆಯಲ್ಲಿರುವವರಲ್ಲ, ಕೊನೆಯಲ್ಲಿರುವವರು. ಪ್ರಶ್ನೆ ಕೇಳಿದವರು ಆ ಬೆಲೆ ಕೊಟ್ಟವರು. ಅವರಿಗೆ ‘ಹಾಗಲ್ಲ ಗೌಡ್ರೇ’ ಎಂದು ಹಾರಿಕೆಯ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಲೆಕ್ಕದ ಪ್ರಕಾರ ಅವರ ಮಾತು ಸರಿಯೇ. ನಾಲ್ಕರಲ್ಲಿ ಒಂದನ್ನು ಎತ್ತಿಟ್ಟರೆ ಯಂತ್ರದ ಶಕ್ತಿಯಲ್ಲಿ ಕಾಲು ಭಾಗ ಹೋಯಿತು. ವಿಡಿಯೊ ಮೊದಲಿಗಿಂತ ತಡವರಿಸುತ್ತಿದ್ದುದು ಎದುರಿಗೇ ಕಾಣುತ್ತಿತ್ತು.

ಆದರೆ ಈ ಲೆಕ್ಕವೇ ತಲೆಕೆಳಗಾದ ಒಂದು ಪ್ರಸಂಗವಿದೆ. ಅದನ್ನು ಅವರಿಗೂ ಹೇಳಿದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಅಣ್ವಸ್ತ್ರಗಳ ಲೆಕ್ಕಾಚಾರಕ್ಕೆಂದು ‘ಎಎಸ್‌ಸಿಐ ಕ್ಯೂ’ ಎಂಬ ಸೂಪರ್ ಕಂಪ್ಯೂಟರ್ ಇತ್ತು. ಒಂದೊಂದು ಪೆಟ್ಟಿಗೆಯಲ್ಲಿ ನಾಲ್ಕು ಪ್ರೊಸೆಸರುಗಳು, ಒಟ್ಟು 8,192. ಅದರ ಮೇಲೆ ಓಡಿಸಿದ ಒಂದು ದೊಡ್ಡ ಪ್ರೋಗ್ರಾಮು ಕಾಗದದ ಮೇಲಿನ ಲೆಕ್ಕಕ್ಕಿಂತ ಬಹಳ ನಿಧಾನವಾಗಿ ನಡೆಯಿತು. ಫ್ಯಾಬ್ರಿಜಿಯೊ ಪೆಟ್ರಿನಿ ಮತ್ತು ಅವರ ಸಂಗಡಿಗರು ಹುಡುಕುತ್ತ ಹೋದರು. ಅವರಿಗೆ ಸಿಕ್ಕ ಸುಳಿವು ಇದು: ಪೆಟ್ಟಿಗೆಗೆ ನಾಲ್ಕರ ಬದಲು ಮೂರೇ ಪ್ರೊಸೆಸರುಗಳನ್ನು ಬಳಸಿ ನಾಲ್ಕನೆಯದನ್ನು ಸುಮ್ಮನೆ ಬಿಟ್ಟರೆ ದೊಡ್ಡ ಪ್ರಮಾಣದ ಲೆಕ್ಕ ಬೇಗ ಮುಗಿಯುತ್ತಿತ್ತು! ಕೆಲಸದವರನ್ನು ಕಡಿಮೆ ಮಾಡಿದರೆ ಕೆಲಸ ಬೇಗ. 2003ರಲ್ಲಿ ಅವರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು.

ಕಾರಣ ತಿಳಿಯಬೇಕಾದರೆ ನಮ್ಮ ಮಠದ ಪಂಕ್ತಿ ಊಟವನ್ನು ನೆನೆಸಿಕೊಳ್ಳಿ. ಎಲ್ಲರೂ ಒಟ್ಟಿಗೆ ಕೂರಬೇಕು, ಎಲ್ಲರದೂ ಮುಗಿದ ಮೇಲೆ ಒಟ್ಟಿಗೆ ಏಳಬೇಕು. ಒಬ್ಬರು ನಿಧಾನಿಸಿದರೆ ಉಳಿದವರು ಕೈ ಒಣಗಿಸಿಕೊಂಡು ಕಾಯಬೇಕು. ಆ ಪ್ರೋಗ್ರಾಮಿನ ನಡೆಯೂ ಹಾಗೆಯೇ. ಪ್ರತಿ ಹೆಜ್ಜೆಯ ಕೊನೆಗೆ ಎಲ್ಲ ಪ್ರೊಸೆಸರುಗಳೂ ಒಬ್ಬರಿಗೊಬ್ಬರು ಉತ್ತರ ಹೇಳಿಕೊಂಡೇ ಮುಂದೆ ಹೋಗಬೇಕು. ಈಗ ಲೆಕ್ಕ ಮಾಡಿ. ಒಂದು ಪಂಕ್ತಿಯಲ್ಲಿ ಒಬ್ಬರಿಗೆ ಫೋನ್ ಬಂದು ಎದ್ದು ಹೋಗುವ ಸಂಭವ ಸಾವಿರಕ್ಕೆ ಒಂದು ಎನ್ನಿ. ಎಂಟು ಜನರ ಪಂಕ್ತಿಯಾದರೆ ಸಾವಿರ ಊಟಗಳಲ್ಲಿ ಎಂಟಕ್ಕೆ ಮಾತ್ರ ತಡ. ಯಾರಿಗೂ ಗೊತ್ತೇ ಆಗುವುದಿಲ್ಲ. 8,192 ಜನರ ಪಂಕ್ತಿಯಾದರೆ? 0.999 ಅನ್ನು 8,192 ಸಲ ಗುಣಿಸಿ. ಯಾರಿಗೂ ಫೋನ್ ಬಾರದೆ ಮುಗಿಯುವ ಊಟ ಹತ್ತು ಸಾವಿರಕ್ಕೆ ಮೂರು ಬಂದರೆ ಹೆಚ್ಚು. ಅಂದರೆ ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಎದ್ದುಹೋಗಿರುತ್ತಾರೆ, ಉಳಿದ ಎಂಟು ಸಾವಿರ ಜನ ಅವರನ್ನು ಕಾಯುತ್ತಿರುತ್ತಾರೆ. ಎದ್ದುಹೋಗಲು ಕಾರಣ ಏನು? ಆಪರೇಟಿಂಗ್ ಸಿಸ್ಟಮಿನ ಚಿಲ್ಲರೆ ಕೆಲಸಗಳು. ಒಂದೊಂದೂ ಎಷ್ಟು ಸಣ್ಣವೆಂದರೆ ಬಿಡಿಯಾಗಿ ನೋಡಿದರೆ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕನೆಯವನು ಸುಮ್ಮನಿದ್ದಾಗ ಆ ಚಿಲ್ಲರೆಯನ್ನೆಲ್ಲ ಅವನು ನೋಡಿಕೊಳ್ಳುತ್ತಿದ್ದ, ಮೂವರು ಎಲೆ ಬಿಟ್ಟು ಏಳುತ್ತಿರಲಿಲ್ಲ. ಕೊನೆಗೆ ಬೇಡದ ಚಿಲ್ಲರೆಯನ್ನು ತೆಗೆದು, ಉಳಿದದ್ದನ್ನು ಒಪ್ಪವಾಗಿ ಹೊಂದಿಸಿದಾಗ, ಹೊಸ ಯಂತ್ರಭಾಗ ಒಂದೂ ಹಾಕದೆ ಆ ಪ್ರೋಗ್ರಾಮಿನ ವೇಗ ಎರಡು ಪಟ್ಟಾಯಿತು.

ಅಂದಿನಿಂದ ದೊಡ್ಡ ಯಂತ್ರ ಕಟ್ಟುವವರು ಇದನ್ನು ಮರೆತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರ-ಟಿ’ ಎಂಬ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರ್ ಸ್ಥಾಪನೆಯಾಯಿತು, ಸುಮಾರು 33 ಸಾವಿರ ಕೋರ್‌ಗಳದ್ದು. ಅಂಥ ಕ್ರೇ ಯಂತ್ರಗಳ ಆಪರೇಟಿಂಗ್ ಸಿಸ್ಟಮಿನಲ್ಲಿ, ಪ್ರತಿ ಪೆಟ್ಟಿಗೆಯಲ್ಲೂ ಒಂದೆರಡು ಕೋರ್‌ಗಳನ್ನು ಮನೆಗೆಲಸಕ್ಕೆಂದೇ ಬಿಟ್ಟು ಉಳಿದವನ್ನು ಲೆಕ್ಕಕ್ಕೆ ಮೀಸಲಿಡುವ ಸೌಲಭ್ಯ ಇದೆ. ನನ್ನ ಹಳೆಯ ವಿದ್ಯಾರ್ಥಿ ಕೆಲಸ ಮಾಡುವ 5ಜಿ ಗೋಪುರದ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಸೆಕೆಂಡಿಗೊಂದು ಸರದಿ. ತಡವಾಗಿ ಬಂದ ಉತ್ತರಕ್ಕೂ ಬಾರದ ಉತ್ತರಕ್ಕೂ ಅಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಕೆಲವು ಕೋರ್‌ಗಳು ಬಾಗಿಲು ಕಾಯುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲವಂತೆ. ಯಾರೂ ಬಾರದಿದ್ದರೂ ‘ಬಂದರಾ? ಬಂದರಾ?’ ಎಂದು ಪೂರ್ತಿ ವೇಗದಲ್ಲಿ ಇಣುಕುತ್ತಲೇ ಇರುತ್ತವೆ.

ಮೀಸಲು ಎಂದ ಮಾತ್ರಕ್ಕೆ ಎಲ್ಲವೂ ಬೇರೆಬೇರೆಯಾಗಿಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಸಿದ್ಧ ನಾಲೆ, ಬಸವ ನಾಲೆ ಎರಡಾದರೂ ಕೆರೆ ಒಂದೇ. ನಮ್ಮ ನಾಲ್ಕು ಕೋರ್‌ಗಳಿಗೂ ನೆನಪಿನ ಉಗ್ರಾಣ ಒಂದೇ, ಅದಕ್ಕೆ ಹೋಗುವ ದಾರಿಯೂ ಒಂದೇ. ವಿಡಿಯೊ ಆ ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡರೆ ಮೀಸಲು ಕೋರೂ ಕಾಯಬೇಕು. ಮೂರು ಕೋರ್‌ಗಳು ದುಡಿದು ಚಿಪ್ಪಿನ ಉಷ್ಣತೆ 80 ಡಿಗ್ರಿ ದಾಟಿದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ಆಗ ನಾಲ್ಕನೆಯವನದೂ ತಗ್ಗುತ್ತದೆ. ಆಪರೇಟಿಂಗ್ ಸಿಸ್ಟಮಿನ ಗಡಿಯಾರದ ಮಿಡಿತ ಸೆಕೆಂಡಿಗೆ ನೂರಾರು ಸಲ ಮೀಸಲು ಕೋರಿನ ಬಾಗಿಲನ್ನೂ ತಟ್ಟಿ ಹೋಗುತ್ತದೆ. ಅದನ್ನು ಕಡಿಮೆ ಮಾಡಲು ಬೇರೆಯೇ ಆಜ್ಞೆಯಿದೆ. ಒಂದೆರಡು ಮನೆಗೆಲಸಗಳಂತೂ ಯಾವ ಆಜ್ಞೆಗೂ ಜಗ್ಗದೆ ಕೋರಿಗೊಂದರಂತೆ ಅಂಟಿಕೊಂಡೇ ಇರುತ್ತವೆ. ಇಲಿಗುಂಡಿ ಒತ್ತಿದ್ದು, ವೈಫೈನಲ್ಲಿ ಸಂದೇಶ ಬಂದದ್ದು ಮುಂತಾದ ಹೊರಗಿನ ಕರೆಗಳನ್ನು ಮಾತ್ರ ‘ಅವನನ್ನು ಕರೆಯಬೇಡಿ, ಇವನನ್ನು ಕರೆಯಿರಿ’ ಎಂದು ಬಹುಮಟ್ಟಿಗೆ ಬೇರೆ ಕೋರಿನ ಕಡೆ ತಿರುಗಿಸಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಗೌಡರು ತಮ್ಮ ಗದ್ದೆಯ ಮಾತು ಬಿಟ್ಟು ಮಗಳ ಮಾತು ತೆಗೆದರು. ‘ಇವ್ಳು ಸಂಜೆ ಆರರಿಂದ ಹತ್ತರ ತನಕ ಪುಸ್ತಕ ಹಿಡ್ಕಂಡು ಕೂತಿರ್ತಾಳೆ ಮೇಷ್ಟ್ರೇ. ಪರೀಕ್ಷೇಲಿ ಮಾತ್ರ ಮಾರ್ಕ್ಸ್ ಬರಂಗಿಲ್ಲ. ಹಿಂಗಾದ್ರೆ ಪೀಯೂಸಿಗೆ ಕಳ್ಸೋದು ಬ್ಯಾಡ ಅಂತ ನಮ್ಮಣ್ಣ ಅಂತಾನೆ.’ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಹತ್ತು ನಿಮಿಷ ಹಿಂದೆ ಅದೇ ಬಾಯಲ್ಲಿ ಕಾಲದ ವರ್ಗದ ಸೂತ್ರವನ್ನು ತೀರ್ಪುಗಾರರ ಮುಂದೆ ತಡೆಯಿಲ್ಲದೆ ಬಿಡಿಸಿದ್ದವಳು.

ದಡ್ಡಿ, ಜಾಣೆ ಎಂದು ವಾದ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಅಳೆದು ನೋಡಬೇಕು. ಒಂದು ವಾರ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ, ಓದುವಾಗ ಯಾರಾದರೂ ಕರೆದರೆ ಹೊತ್ತು ಬರೆದಿಡಲು ಹೇಳಿದೆ. ಮನೆಗೆ ಇದ್ದದ್ದು ಒಂದೇ ಸ್ಮಾರ್ಟ್‌ಫೋನು, ಪಾಠದ ವಿಡಿಯೊ ನೋಡಲೆಂದು ಅವಳ ಪಕ್ಕದಲ್ಲೇ ಇರುತ್ತಿತ್ತು. ಹಾಗಾಗಿ ಸೌಡಿಯ ಕರೆ, ಮೂರು ಫೇಸ್ ಕರೆಂಟ್ ಬಂತೆಂದು ಪಕ್ಕದ ಹೊಲದವರ ಕರೆ, ಅಡಿಕೆ ಚೇಣಿಯವರ ಕರೆ, ಚಿಕ್ಕಮ್ಮನ ಕರೆ, ಎಲ್ಲಕ್ಕೂ ಉತ್ತರ ಹೇಳುವವಳು ಅವಳೇ. ಜೊತೆಗೆ ಅಂಗಡಿಯಿಂದ ಸಕ್ಕರೆ, ಬಂದವರಿಗೆ ಟೀ, ತಮ್ಮನ ಮಗ್ಗಿ. ವಾರದ ಕೊನೆಗೆ ಕೂಡಿ ನೋಡಿದರೆ ದಿನಕ್ಕೆ ಸರಾಸರಿ ಹನ್ನೊಂದು ಕರೆಗಳು. ಒಂದೂ ಐದು ನಿಮಿಷ ಮೀರಿದ್ದಿಲ್ಲ, ಎಲ್ಲ ಸೇರಿ ನಲವತ್ತು ನಿಮಿಷ ಆಗುವುದಿಲ್ಲ. ನಾಲ್ಕು ಗಂಟೆಯಲ್ಲಿ ನಲವತ್ತು ನಿಮಿಷ ಯಾವ ಲೆಕ್ಕ ಎಂದು ಯಾರೂ ಕೇಳಬಹುದು. ಆದರೆ ಆ ವಾರವೆಲ್ಲ ಹುಡುಕಿದರೂ ಯಾರೂ ಕರೆಯದೆ ಒಂದೇ ಸಮನೆ ಓದಿದ ಅತಿ ಉದ್ದದ ಅವಧಿ 26 ನಿಮಿಷ. ಒಂದು ರೇಖಾಗಣಿತದ ಪ್ರಮೇಯವನ್ನು ತಲೆಯಲ್ಲಿ ಕಟ್ಟಿ ನಿಲ್ಲಿಸುವಷ್ಟರಲ್ಲಿ ಯಾರಾದರೂ ಕರೆಯುತ್ತಿದ್ದರು. ತಿರುಗಿ ಬಂದ ಮೇಲೆ ಮತ್ತೆ ‘ತ್ರಿಭುಜ ಎಬಿಸಿಯಲ್ಲಿ...’ ಎಂದು ಮೊದಲಿನಿಂದ.

ಹಾಳೆಯನ್ನು ಗೌಡರ ಮುಂದಿಟ್ಟೆ. ನಾಲ್ಕು ಗಂಟೆ ಬೇಡ, ಎರಡೇ ಗಂಟೆ ಸಾಕು, ಎಂಟರಿಂದ ಹತ್ತು. ಆದರೆ ಆ ಎರಡು ಗಂಟೆ ಮನೆಗೆ ಅವಳು ಇಲ್ಲವೆಂದೇ ತಿಳಿಯಬೇಕು, ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದರೂ ಕರೆಯಬಾರದು ಎಂದೆ. ‘ಸುಮ್ನೆ ಕೂತಿದ್ರೂನಾ?’ ಎಂದರು. ಅವರಿಗೆ ಕಷ್ಟವೆನಿಸಿದ್ದು ಅದೇ. ಆರರಿಂದ ಎಂಟು ಹಿಂದಿನ ಹಾಗೆಯೇ ಎಲ್ಲರದು, ಟೀ ಮಾಡಲಿ, ಮಗ್ಗಿ ಹೇಳಿಕೊಡಲಿ. ಮನೆಯೆಂದ ಮೇಲೆ ಎಲ್ಲವನ್ನೂ ಮೀಸಲಿಡಲು ಆಗುವುದಿಲ್ಲ, ಇಡಲೂಬಾರದು. ಎಲ್ಲ ಕೋರ್‌ಗಳಿಗೂ ಬೇಲಿ ಹಾಕಿದರೆ ಮನೆಗೆಲಸಕ್ಕೆ ಯಾರೂ ಉಳಿಯುವುದಿಲ್ಲ.

ಗೌಡರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಮೂರು ವಾರದ ನಂತರ ಸಂತೆಯಲ್ಲಿ ಸಿಕ್ಕರು. ಅಟ್ಟದ ಮೇಲಿದ್ದ ಹಳೆಯ ಬಟನ್ ಫೋನನ್ನು ಇಳಿಸಿ, ಸಿಮ್ಮನ್ನು ಅದಕ್ಕೆ ಹಾಕಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ಸೌಡಿ, ಕರೆಂಟ್, ಚೇಣಿ, ಚಿಕ್ಕಮ್ಮ, ಎಲ್ಲ ಕರೆಗಳೂ ಈಗ ಅವರಿಗೇ. ಮಗಳ ಹತ್ತಿರ ಇರುವ ಫೋನಿಗೆ ಕರೆಯೇ ಬರುವುದಿಲ್ಲ. ಕಿರುಪರೀಕ್ಷೆಯಲ್ಲಿ ಗಣಿತಕ್ಕೆ ಐದು ಅಂಕ ಹೆಚ್ಚು ಬಂದದ್ದು ನನಗೂ ಗೊತ್ತಿತ್ತು, ಅಷ್ಟು ಬೇಗ ಅದನ್ನು ಈ ಏರ್ಪಾಟಿಗೆ ಜಮಾ ಮಾಡಲು ನಾನು ತಯಾರಿಲ್ಲ. ಹೊರಡುವಾಗ ಗೌಡರು ತಿರುಗಿ ನಿಂತರು.

‘ಎಲ್ಲಾ ಸರಿ ಆತು ಮೇಷ್ಟ್ರೇ. ಇವ್ಳ ಅಮ್ಮ ಮಾತ್ರ ಒಂಬತ್ತಾಗ್ತಿದ್ದಂಗೆ ಹಾಲು ಹಿಡ್ಕಂಡು ಒಳಗ್ ಹೋಗ್ತಾಳೆ. ಬ್ಯಾಡ ಅಂದ್ರೂ ಕೇಳಲ್ಲ. ಅದಕ್ಕೇನಾರ ಆಜ್ಞೆ ಐತಾ?’